ತಂಗಿಯ ಹೆಬ್ಬೆರಳು ಮತ್ತು ಅಂಗಡಿ ಗಂಟು

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಬೈಸಿಕೊಳ್ಳುತ್ತಿದ್ದದ್ದು ಒಂದು ಹೆಬ್ಬೆರಳು. ಅದು ನನ್ನ ತಂಗಿಯ ಎಡಗೈ ಹೆಬ್ಬೆರಳು. ಆಗ ಅವಳಿಗೆ ಹತ್ತು ತಿಂಗಳು, ನನಗೆ ಒಂಬತ್ತು ವರ್ಷ. ಮಕ್ಕಳೇ, ನೀವು ಈಗ ‘ಎನ್.ಆರ್. ಕಾಲೋನಿ ಅಜ್ಜಿ’ ಅಂತ ಕರೆಯುತ್ತೀರಲ್ಲ, ಬಂದಾಗಲೆಲ್ಲ ನಿಮ್ಮಿಬ್ಬರ ಕೆನ್ನೆ ಹಿಂಡಿ ಕೊಬ್ಬರಿ ಮಿಠಾಯಿ ಕೊಡುತ್ತಾಳಲ್ಲ, ಅವಳೇ ಈ ತಂಗಿ. ಅವಳೂ ಒಂದು ಕಾಲದಲ್ಲಿ ಬೆರಳು ಚೀಪುತ್ತ ಜೊಲ್ಲು ಸುರಿಸುತ್ತಿದ್ದ ಕೂಸು ಅಂದರೆ ನಿಮಗೆ ನಗು ಬರುತ್ತದೆ. ಆದರೆ ಈ ಕಥೆಯಲ್ಲಿ ನನಗೆ ನಗು ಬರದ ಒಂದು ಭಾಗವೂ ಇದೆ.

ಆಗ ನಾವು ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿದ್ದೆವು. ಮುಂದೆ ಕಲ್ಲಿನ ಜಗಲಿ, ಒಳಗೆ ಕೆಂಪು ಗಾರೆಯ ನೆಲ, ಮೇಲೆ ತಾರಸಿ. ಅಪ್ಪನಿಗೆ ಮಾಮೂಲ್‌ಪೇಟೆಯಲ್ಲಿ ಹುರಿ ಮತ್ತು ದಾರದ ಸಣ್ಣ ಅಂಗಡಿ ಇತ್ತು. ಸಂಜೆ ಅವರು ಮನೆಗೆ ಬಂದರೆ ಅಂಗಿಯಿಂದ ಗೋಣಿನಾರಿನ ವಾಸನೆ ಬರುತ್ತಿತ್ತು. ನನಗೆ ಆ ವಾಸನೆ ಬಹಳ ಇಷ್ಟ. ಮನೆಯಲ್ಲಿ ಅಪ್ಪ, ಅಮ್ಮ, ಅಪ್ಪನ ತಾಯಿಯಾದ ಅಜ್ಜಿ, ನಾನು, ತಂಗಿ. ಇಷ್ಟೇ ಜನ.

ತಂಗಿ ಬೆರಳು ಚೀಪುವುದನ್ನು ನೀವು ನೋಡಬೇಕಿತ್ತು. ಹೆಬ್ಬೆರಳು ಬುಡದವರೆಗೆ ಬಾಯೊಳಗೆ ಹೋಗುತ್ತಿತ್ತು, ಉಳಿದ ನಾಲ್ಕು ಬೆರಳು ಮೂಗಿನ ಮೇಲೆ ಮಡಚಿ ಕೂರುತ್ತಿದ್ದವು, ಕಣ್ಣು ಅರೆ ಮುಚ್ಚುತ್ತಿತ್ತು. ಚುಪ್ ಚುಪ್ ಎಂಬ ಸದ್ದು ಅಡುಗೆ ಮನೆಯವರೆಗೂ ಕೇಳುತ್ತಿತ್ತು. ಲೋಕದ ಯಾವ ಚಿಂತೆಯೂ ಇಲ್ಲದ ಮುಖ ಅದು. ಚೀಪಿ ಚೀಪಿ ಬೆರಳು ನೆನೆಸಿದ ಬಾದಾಮಿಯ ಹಾಗೆ ಬೆಳ್ಳಗೆ ಸುಕ್ಕಾಗಿತ್ತು. ಬಾಯಿಂದ ತೆಗೆದರೆ ಒಂದು ಗಳಿಗೆ ನಮ್ಮನ್ನು ನೋಡಿ, ಏನೂ ಆಗಿಲ್ಲವೆಂಬಂತೆ ಮತ್ತೆ ಬಾಯಿಗಿಟ್ಟುಕೊಳ್ಳುತ್ತಿದ್ದಳು.

ಮನೆಯವರೇನೂ ಸುಮ್ಮನಿರಲಿಲ್ಲ. ಅಮ್ಮ ಬೇವಿನೆಣ್ಣೆ ಸವರಿದಳು. ತಂಗಿ ಮುಖ ಕಿವುಚಿ, ಎರಡು ಸಲ ಉಗಿದು, ಮೂರನೆಯ ಸಲ ನುಂಗಿದಳು. ಹಾಗಲಕಾಯಿ ರಸ ಹಚ್ಚಿದರೆ ಅದನ್ನು ಅಮ್ಮನ ಸೀರೆಗೆ ಒರೆಸಿ ಚೀಪಿದಳು. ಕೊನೆಗೆ ಅಜ್ಜಿ, ಇದಕ್ಕೆಲ್ಲ ಶಿವನೇ ಗತಿ ಎಂದು, ಬೆರಳಿಗೆ ದಪ್ಪಗೆ ವಿಭೂತಿ ಬಳಿದಳು. ವಿಭೂತಿಯ ರುಚಿ ತಂಗಿಗೆ ಎಷ್ಟು ಹಿಡಿಸಿತೆಂದರೆ ಅವತ್ತು ಬಲಗೈ ಹೆಬ್ಬೆರಳನ್ನೂ ಶುರು ಮಾಡಿದಳು. ಅಪ್ಪ ಬಿದ್ದು ಬಿದ್ದು ನಕ್ಕರು. ಅಜ್ಜಿ ಅವರ ಕಡೆ ಒಂದು ನೋಟ ಬೀರಿದಳು, ನಗು ಅಲ್ಲಿಗೇ ನಿಂತಿತು.

ಅಜ್ಜಿಗೆ ಇದು ಬರೀ ಕೆಟ್ಟ ಅಭ್ಯಾಸದ ಮಾತಾಗಿರಲಿಲ್ಲ. ಅವಳ ಕೊರಳಲ್ಲಿ ಬೆಳ್ಳಿಯ ಕರಡಿಗೆ ಇರುತ್ತಿತ್ತು, ಅದರೊಳಗೆ ಇಷ್ಟಲಿಂಗ. ದಿನಾ ಬೆಳಿಗ್ಗೆ ಸ್ನಾನ ಮಾಡಿ, ಲಿಂಗವನ್ನು ಎಡ ಅಂಗೈ ಮೇಲಿಟ್ಟುಕೊಂಡು ಪೂಜೆಗೆ ಕೂರುತ್ತಿದ್ದಳು. “ಎಡಗೈ ಅಂದ್ರೆ ಲಿಂಗದ ಪೀಠ ಕಣೇ. ಅದನ್ನ ಹೊತ್ತುಹೊತ್ತಿಗೂ ಎಂಜಲು ಮಾಡ್ಕೊಂಡು ಕೂತಿದೆಯಲ್ಲ ಇದು!” ಎಂದು ಅಮ್ಮನ ಹತ್ತಿರ ಗೊಣಗುತ್ತಿದ್ದಳು. ಎಂಜಲಿನ ವಿಷಯದಲ್ಲಿ ಅಜ್ಜಿ ಮಹಾ ಕಟ್ಟುನಿಟ್ಟು. ನಾನು ಕಚ್ಚಿದ ಮಾವಿನಕಾಯಿಯನ್ನು ಮುಟ್ಟಿದ ಕೈಯನ್ನೂ ತೊಳೆಸುತ್ತಿದ್ದಳು.

ಪೂಜೆಗೆ ಕೂತರೆ ಮುಗಿಯಿತು, ಅರ್ಧ ಗಂಟೆ ಅವಳು ಮಾತಾಡುತ್ತಿರಲಿಲ್ಲ, ಏಳುತ್ತಿರಲಿಲ್ಲ. ಒಂದು ಸಲ ಹಿತ್ತಿಲ ಬಾಗಿಲಿಂದ ಒಬ್ಬ ಕಳ್ಳ ಬಂದು, ಅವಳ ಕಣ್ಣೆದುರಿಗೇ ತಾಮ್ರದ ಹಂಡೆ ಹೊತ್ತುಕೊಂಡು ಹೋಗಿದ್ದನಂತೆ. ಅಜ್ಜಿ ಪೂಜೆ ಪೂರ್ತಿ ಮುಗಿಸಿ, ತೀರ್ಥ ತೆಗೆದುಕೊಂಡು, ಆಮೇಲೆ ಬೀದಿಗೆ ಬಂದು “ಕಳ್ಳ, ಕಳ್ಳ” ಎಂದು ಕೂಗಿದ್ದಳಂತೆ. ಅಷ್ಟು ಹೊತ್ತಿಗೆ ಹಂಡೆ ಯಾವ ಗುಜರಿ ಸೇರಿತ್ತೋ. ಸುಳ್ಳಿನ ವಿಷಯದಲ್ಲೂ ಅವಳು ಹೀಗೇ ಕಟ್ಟುನಿಟ್ಟು. ಬೇಡದವರು ಬಾಗಿಲಿಗೆ ಬಂದಾಗ ಒಳಗಿದ್ದುಕೊಂಡೇ “ಮನೇಲಿಲ್ಲ” ಅನ್ನಿಸುವುದು ಎಲ್ಲ ಮನೆಗಳಲ್ಲೂ ಇದ್ದದ್ದೇ. ಅಜ್ಜಿ ಮಾತ್ರ ಅದಕ್ಕೂ ಒಪ್ಪುತ್ತಿರಲಿಲ್ಲ.

ಇನ್ನು ಗಂಟಿನ ವಿಷಯ. ಆ ಬೇಸಿಗೆ ರಜೆಯಲ್ಲಿ ಅಪ್ಪ ನನ್ನನ್ನು ಅಂಗಡಿಗೆ ಕರೆದುಕೊಂಡು ಹೋಗಿ ಮೂಟೆಗೆ ಗಂಟು ಹಾಕುವುದನ್ನು ಕಲಿಸಿದ್ದರು. ಹುರಿಯನ್ನು ಎರಡು ಸುತ್ತು ಸುತ್ತಿ, ಒಂದು ಕುಣಿಕೆಯೊಳಗೆ ಇನ್ನೊಂದು ತೂರಿಸಿ, ಒಂದೇ ಎಳೆತ. ಎಳೆದಷ್ಟೂ ಬಿಗಿಯಾಗುತ್ತಿತ್ತು, ಹಿಂದಕ್ಕೆ ಮಾತ್ರ ಜಾರುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಅದಕ್ಕೆ ‘ಅಂಗಡಿ ಗಂಟು’ ಎಂದೇ ಹೆಸರು. ಲಾರಿಗೆ ಹೋಗುವ ಮೂಟೆಗಳಾದರೆ ಅಪ್ಪ ಗಂಟಿನ ಮೇಲೆ ನೀರು ಚಿಮುಕಿಸುತ್ತಿದ್ದರು. ಒದ್ದೆಯಾದ ನೂಲು ಇನ್ನಷ್ಟು ಬಿಗಿಯುತ್ತದೆ. ನಾನು ಅದನ್ನು ಕಣ್ಣಾರೆ ನೋಡಿದ್ದೆ, ತಲೆಗೆ ಮಾತ್ರ ಹಾಕಿಕೊಂಡಿರಲಿಲ್ಲ. ಕಲಿತ ಜಂಬದಲ್ಲಿ ಮನೆಯಲ್ಲಿದ್ದದ್ದಕ್ಕೆಲ್ಲ ಗಂಟು ಹಾಕಿದೆ. ಅಜ್ಜಿಯ ಕೋಲನ್ನು ಕಂಬಕ್ಕೆ ಕಟ್ಟಿ ಬೈಸಿಕೊಂಡೆ.

ಆ ದಿನ ಅಮ್ಮ ಸಂಡಿಗೆ ಹಾಕುತ್ತಿದ್ದಳು. ಬೆಳಗಿನ ಜಾವಕ್ಕೇ ಎದ್ದು ಅಕ್ಕಿ ಹಿಟ್ಟು ಬೇಯಿಸಿದ್ದಳು, ಮನೆಯೆಲ್ಲ ಜೀರಿಗೆ, ಇಂಗಿನ ಘಮ. ಹಿಟ್ಟು ಬಿಸಿ ಆರುವ ಮೊದಲು ತಾರಸಿಯ ಮೇಲೆ ಹಳೆ ಪಂಚೆ ಹಾಸಿ ಇಟ್ಟು ಮುಗಿಸಬೇಕು. ಅಪ್ಪ ಅಂಗಡಿಗೆ ಹೋಗಿಯಾಗಿತ್ತು. ಅಜ್ಜಿ ನಡುಮನೆಯ ಮೂಲೆಯಲ್ಲಿ ಪೂಜೆಗೆ ಕೂತಿದ್ದಳು. ಅಮ್ಮ ಪಾತ್ರೆ ಎತ್ತಿಕೊಂಡು ಮೆಟ್ಟಿಲು ಹತ್ತುತ್ತ, “ಮಗೂನ ನೋಡ್ಕೋ. ಬಾಯಿಗೆ ಬೆಟ್ಟು ಹಾಕಿದ್ರೆ ತೆಗೀತಾ ಇರು. ನಾನು ಬರೋವರ್ಗೂ ಎಲ್ಲೂ ಹೋಗ್ಬೇಡ” ಎಂದಳು.

ತಂಗಿಯನ್ನು ಚಾಪೆಯ ಮೇಲೆ ಕೂರಿಸಿಕೊಂಡು ನಾನು ಬೆರಳು ತೆಗೆದೆ, ಅವಳು ಹಾಕಿದಳು. ತೆಗೆದೆ, ಹಾಕಿದಳು. ಹೊರಗೆ ಬೀದಿಯಲ್ಲಿ ಗೋಲಿಯಾಟ ಶುರುವಾಗಿತ್ತು. ಗೋಲಿಗೆ ಗೋಲಿ ತಾಗುವ ಸದ್ದು, ಹುಡುಗರ ಕೂಗು. ನನ್ನ ಜೇಬಿನಲ್ಲಿ ಹಿಂದಿನ ದಿನ ಗೆದ್ದ ಹಸಿರು ಗೋಲಿ ಇತ್ತು. ಬೆರಳಿಗೆ ಬಟ್ಟೆ ಸುತ್ತಿ ಕಟ್ಟಿಬಿಟ್ಟರೆ ತೆಗೆಯುವ ಕೆಲಸವೇ ಇರುವುದಿಲ್ಲವಲ್ಲ ಎಂದು ನನಗೆ ಹೊಳೆಯಿತು. ಎಂಥ ಬುದ್ಧಿವಂತ ನಾನು ಎಂದು ನನಗೇ ಅನ್ನಿಸಿತು ನೋಡಿ! ಹಳೆ ಸೀರೆಯ ಚೂರೊಂದನ್ನು ಹೆಬ್ಬೆರಳಿಗೆ ಸುತ್ತಿದೆ. ಅಪ್ಪನ ಅಂಗಡಿಯ ನೂಲಿನ ಹುರಿ ತೆಗೆದುಕೊಂಡು, ಬುಡದಲ್ಲಿ ಅಂಗಡಿ ಗಂಟು ಹಾಕಿದೆ. ತಂಗಿ ಬಟ್ಟೆಯ ಬೆರಳನ್ನು ಆಶ್ಚರ್ಯದಿಂದ ನೋಡುತ್ತ ಕೂತಳು. ನಾನು ಜಗಲಿ ಹಾರಿ ಬೀದಿಗೆ ಹೋದೆ.

ಎಷ್ಟು ಹೊತ್ತು ಆಡಿದೆನೋ ತಿಳಿಯದು. ಎರಡು ಆಟ ಇರಬೇಕು. ಒಳಗಿಂದ ತಂಗಿಯ ಅಳು ಕೇಳಿಸಿತು. ಹಸಿವಿನ ಅಳು, ನಿದ್ದೆಯ ಅಳು ಎರಡೂ ನನಗೆ ಗೊತ್ತಿದ್ದವು. ಇದು ಬೇರೆ. ಉಸಿರು ಕಟ್ಟಿ, ಆಮೇಲೆ ಒಮ್ಮೆಲೇ ಕಿರುಚುವ ಅಳು. ಓಡಿ ಬಂದು ನೋಡಿದರೆ ಬಟ್ಟೆ, ಹುರಿ ಎಲ್ಲ ಜೊಲ್ಲಿನಲ್ಲಿ ತೊಯ್ದು ಹೋಗಿತ್ತು. ಅವಳು ಬಟ್ಟೆಯ ಸಮೇತ ಚೀಪಿದ್ದಳು. ಬಟ್ಟೆಯ ತುದಿ ಕಿತ್ತು ನೋಡಿದೆ. ಹೆಬ್ಬೆರಳು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿ ಊದಿಕೊಂಡಿತ್ತು. ಹುರಿ ಚರ್ಮದೊಳಗೆ ಹೂತು ಹೋಗಿ, ಗಂಟು, ಅದರ ತುದಿ ಮಾತ್ರ ಮೇಲೆ ಕಾಣುತ್ತಿತ್ತು.

ಗಂಟು ಬಿಚ್ಚಲು ನೋಡಿದೆ, ಉಗುರು ಹಾಕುವುದಕ್ಕೂ ಜಾಗವಿರಲಿಲ್ಲ. ಒಂದು ತುದಿ ಎಳೆದೆ, ಇನ್ನೂ ಬಿಗಿಯಿತು. ತಂಗಿ ಕಿಟಾರನೆ ಕಿರುಚಿದಳು. ಕತ್ತರಿ ತಂದೆ. ಅವಳು ಕೈ ಒದರಾಡುತ್ತಿದ್ದಳು, ಕತ್ತರಿಯ ಬಾಯಿ ಹುರಿಯ ಕೆಳಗೆ ಹೋಗಲೊಲ್ಲದು, ಬೆರಳೇ ಹೋದರೆ ಎಂದು ಕತ್ತರಿ ಕೆಳಗಿಟ್ಟೆ. “ಅಮ್ಮಾ” ಎಂದು ಕೂಗಿದೆ. ತಾರಸಿಯ ಮೇಲೆ ಅಮ್ಮ ಪಕ್ಕದ ಮನೆಯವರ ಜೊತೆ ಜೋರಾಗಿ ಮಾತಾಡುತ್ತಿದ್ದಳು, ಅವಳಿಗೆ ಕೇಳಿಸಲಿಲ್ಲ. ಮಕ್ಕಳೇ, ನನ್ನ ಜೀವನದಲ್ಲಿ ಅಷ್ಟು ಹೆದರಿಕೆ ಮತ್ತೆ ಯಾವತ್ತೂ ಆಗಿಲ್ಲ. ತಂಗಿಯ ಬೆರಳು ಹೋಗುತ್ತದೆ, ನನ್ನಿಂದ ಹೋಗುತ್ತದೆ, ಇಷ್ಟೇ ತಲೆಯಲ್ಲಿ ಸುತ್ತುತ್ತಿತ್ತು.

ಅವಳನ್ನು ಎತ್ತಿಕೊಂಡು ಅಜ್ಜಿಯ ಮುಂದೆ ಹೋಗಿ ನಿಂತೆ. ಅಜ್ಜಿಯ ಅಂಗೈ ಮೇಲೆ ಲಿಂಗ ಇತ್ತು, ಲಿಂಗದ ಮೇಲೆ ಒಂದು ಬಿಲ್ವಪತ್ರೆ. ಅಳು ಕೇಳಿಸಿದರೂ ಅವಳು ಅದು ದಿನದ ಅಳು ಎಂದುಕೊಂಡಿರಬೇಕು, ನೋಟ ಲಿಂಗದ ಮೇಲೇ ಇತ್ತು. ನಾನು ತಂಗಿಯ ಕೈಯನ್ನು ಅವಳ ಕಣ್ಣ ಮುಂದೆ ಹಿಡಿದೆ.

ಹಂಡೆ ಹೋದಾಗ ಏಳದ ಅಜ್ಜಿ ಲಿಂಗವನ್ನು ಕಣ್ಣಿಗೊತ್ತಿಕೊಂಡು ಕರಡಿಗೆಯಲ್ಲಿಟ್ಟಳು. ಪತ್ರೆ ನೆಲಕ್ಕೆ ಬಿತ್ತು. “ತಾ ಇಲ್ಲಿ” ಎಂದು ಮಗುವನ್ನು ಕಿತ್ತುಕೊಂಡು ಮಡಿಲಲ್ಲಿ ಮಲಗಿಸಿದಳು. “ಯಾರು ಕಟ್ಟಿದ್ದು?”

“ನಾನು.”

“ಬಿಚ್ಚೋಕೆ ಬರಲ್ವಾ?”

“ಬರಲ್ಲ ಅಜ್ಜಿ.”

“ಅವಳ ಮೊಣಕೈ ಗಟ್ಟಿಯಾಗಿ ಹಿಡ್ಕೋ. ಅತ್ರೂ ಬಿಡಬೇಡ.”

ಇಷ್ಟು ಹೇಳಿ ಅಜ್ಜಿ ಬಗ್ಗಿದಳು. ಜೊಲ್ಲು ಸುರಿಯುತ್ತಿದ್ದ ಆ ಬೆರಳನ್ನು, ದಿನಾ ಎಂಜಲು ಎಂಜಲು ಎಂದು ಬೈಯುತ್ತಿದ್ದ ಆ ಬೆರಳನ್ನು, ತನ್ನ ಬಾಯೊಳಗೆ ಇಟ್ಟುಕೊಂಡಳು. ಅಜ್ಜಿಗೆ ಆಗ ಮುಂದಿನ ಐದಾರು ಹಲ್ಲು ಮಾತ್ರ ಉಳಿದಿದ್ದವು, ಎಲೆಅಡಿಕೆಯಿಂದ ಕೆಂಪಗಾದ ಹಲ್ಲು. ಅವುಗಳಲ್ಲೇ ಹುರಿಯ ಗಂಟನ್ನು ಹುಡುಕಿ ಕಚ್ಚಿದಳು. ಎಳೆಯುತ್ತಿರಲಿಲ್ಲ, ಎಳೆದರೆ ಬಿಗಿಯುತ್ತದೆಂದು ಅವಳಿಗೆ ಹೇಗೋ ತಿಳಿದಿತ್ತು. ನೂಲಿನ ಒಂದೊಂದು ಎಳೆಯನ್ನೂ ಹಲ್ಲಿನ ತುದಿಯಲ್ಲಿ ಮೇಲೆತ್ತಿ ಕಡಿಯುತ್ತಿದ್ದಳು. ತಂಗಿ ಕಾಲು ಬಡಿಯುತ್ತಿದ್ದಳು, ನಾನು ಮೊಣಕೈ ಹಿಡಿದು ಅಳುತ್ತಿದ್ದೆ. ಅಜ್ಜಿಯ ವಿಭೂತಿ ಹಚ್ಚಿದ ಹಣೆಯ ಮೇಲೆ ಬೆವರು ಇಳಿಯುತ್ತಿತ್ತು. ಊದುಬತ್ತಿ ಪಕ್ಕದಲ್ಲಿ ತನ್ನ ಪಾಡಿಗೆ ಉರಿಯುತ್ತಿತ್ತು.

ಕೊನೆಗೆ ಟಪ್ ಎಂದಿತು. ಹುರಿ ಸಡಿಲವಾಯಿತು. ಅಜ್ಜಿ ಚೂರನ್ನು ಉಗಿದಳು, ಅದರ ಜೊತೆ ಸ್ವಲ್ಪ ರಕ್ತವೂ ಬಂತು. ಅದು ಅವಳ ವಸಡಿನದು. ತಂಗಿಯ ಬೆರಳಿನ ಬುಡದಲ್ಲಿ ಸುತ್ತಲೂ ಬೆಳ್ಳಗೆ ಒಂದು ತಗ್ಗು ಬಿದ್ದಿತ್ತು. ನಾವಿಬ್ಬರೂ ಉಸಿರು ಹಿಡಿದು ನೋಡುತ್ತ ಕೂತೆವು. ಅಜ್ಜಿ ಮೆಲ್ಲಗೆ ಬೆರಳನ್ನು ನೀವುತ್ತಿದ್ದಳು. ನೇರಳೆ ಬಣ್ಣ ನಿಧಾನವಾಗಿ ಕೆಂಪಾಯಿತು, ತುದಿ ಬೆಚ್ಚಗಾಯಿತು. “ಶಿವಾ” ಎಂದು ಅಜ್ಜಿ ಗೋಡೆಗೆ ಒರಗಿದಳು.

ತಂಗಿ ಬಿಕ್ಕುತ್ತ ಅಳು ನಿಲ್ಲಿಸುವುದಕ್ಕೆ ಅದೇ ಬೆರಳನ್ನು ಹುಡುಕಿದಳು. ನಾನು ಅಭ್ಯಾಸಬಲದಿಂದ ಅವಳ ಕೈ ಹಿಡಿದೆ. ಅಜ್ಜಿ ನನ್ನ ಕೈ ತಳ್ಳಿದಳು. “ಬಿಡೋ. ಹೆದರಿಕೆ ಆದಾಗ ನೀನು ನನ್ನ ಹತ್ರ ಓಡ್ಬಂದೆ. ಅದಕ್ಕೆ ಓಡೋಕೆ ಕಾಲು ಬಂದಿಲ್ಲ, ಬೆಟ್ಟು ಇದೆ. ಚೀಪ್ಲಿ ಪಾಪ” ಎಂದಳು. ತಂಗಿ ಚೀಪುತ್ತ ಅವಳ ಮಡಿಲಲ್ಲೇ ನಿದ್ದೆ ಹೋದಳು.

ಅಮ್ಮ ಕೆಳಗೆ ಬಂದಾಗ ಅವಳ ಕೈಗೆಲ್ಲ ಹಿಟ್ಟು ಅಂಟಿತ್ತು. ಊದಿದ ಬೆರಳು, ನೆಲದ ಮೇಲಿನ ಹುರಿಯ ಚೂರು ನೋಡಿ ಅವಳ ಮುಖ ಬಿಳಿಚಿಕೊಂಡಿತು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅಜ್ಜಿ, “ನಾನೇ ಕಟ್ಟಿದ್ದೆ ಕಣಮ್ಮ. ಚೀಪೋದು ಬಿಡ್ಲಿ ಅಂತ. ಬುದ್ಧಿ ಮಣ್ಣು ತಿಂದಿತ್ತು” ಎಂದಳು.

ಅಮ್ಮ ಅತ್ತೆಗೆ ಎದುರು ಮಾತಾಡುವವಳಲ್ಲ. ಮಗುವನ್ನು ಎತ್ತಿಕೊಂಡು ಒಳಗೆ ಹೋದಳು. ಅಜ್ಜಿ ಮತ್ತೆ ಸ್ನಾನ ಮಾಡಿ, ಮತ್ತೆ ಮೊದಲಿನಿಂದ ಪೂಜೆ ಮಾಡಿ ಎದ್ದಾಗ ಮಧ್ಯಾಹ್ನ ಕಳೆದಿತ್ತು. ಅಮ್ಮ ತಟ್ಟೆಗೆ ಮುದ್ದೆ, ಸಾರು ಬಡಿಸಿ, ಎದ್ದು ಹೋದಳು. ಮಜ್ಜಿಗೆ ಬೇಕಾ ಎಂದು ಕೂಡ ಕೇಳಲಿಲ್ಲ. ಅಜ್ಜಿ ತಲೆ ತಗ್ಗಿಸಿ, ನೋಯುವ ಹಲ್ಲಿನಲ್ಲಿ ಮೆಲ್ಲಗೆ ಉಂಡಳು. ಕಂಬದ ಪಕ್ಕ ನಿಂತು ನೋಡುತ್ತಿದ್ದ ನನ್ನ ಕಡೆ ಒಂದು ಸಲವೂ ತಿರುಗಲಿಲ್ಲ. ಆಗಲೇ ನಾನು ನಿಜ ಹೇಳಬೇಕಿತ್ತು. ಹೇಳಲಿಲ್ಲ, ನನಗೆ ಧೈರ್ಯ ಬರಲಿಲ್ಲ.

ಸಂಜೆ ಅಪ್ಪ ತಂಗಿಯನ್ನು ನಮ್ಮ ರಸ್ತೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು, ನಾನೂ ಜೊತೆಗೆ ಹೋದೆ. ಡಾಕ್ಟರು ಬೆರಳನ್ನು ತಿರುಗಿಸಿ ನೋಡಿ, “ಇನ್ನೊಂದು ಗಂಟೆ ಬಿಟ್ಟಿದ್ರೆ ಈ ಬೆಟ್ಟಿನ ಆಸೆ ಬಿಡಬೇಕಿತ್ತು. ಯಾರು ಬಿಚ್ಚಿದ್ರೋ ಅವರಿಗೆ ಕೈ ಮುಗೀರಿ” ಎಂದರು. “ಚೀಪೋದು ತಾನಾಗೇ ಬಿಡುತ್ತೆ. ಕಟ್ಟೋದು, ಹಚ್ಚೋದು ಏನೂ ಬೇಡ. ದೊಡ್ಡವಳಾದ್ಮೇಲೂ ಬಿಡದಿದ್ರೆ ಬನ್ನಿ” ಎಂದೂ ಹೇಳಿದರು.

ಮನೆಗೆ ಬಂದ ಮೇಲೆ ಅಪ್ಪ ಆ ಹುರಿಯ ಚೂರು ತರಿಸಿ ನೋಡಿದರು. ಅಜ್ಜಿ ಕಡಿದು ಚೂರು ಮಾಡಿದ್ದರೂ ಅಂಗಡಿ ಗಂಟಿನ ಒಂದು ಭಾಗ ಹಾಗೇ ಉಳಿದಿತ್ತು. ಅಜ್ಜಿಗೆ ಸೀರೆಯ ಗಂಟು ಬಿಟ್ಟರೆ ಬೇರೆ ಗಂಟು ಹಾಕಲು ಬಾರದೆಂದು ಅವರಿಗೆ ಗೊತ್ತಿತ್ತು. ಅವರು ಅಜ್ಜಿಯನ್ನು ನೋಡಿದರು. ಅಜ್ಜಿ, “ನಾನೇ ಅಂದ್ನಲ್ಲಪ್ಪ” ಎಂದಳು. ಅಪ್ಪ ನನ್ನನ್ನು ಜಗಲಿಗೆ ಕರೆದುಕೊಂಡು ಹೋಗಿ, ಒಂದು ಮಾರು ಹುರಿ ಕೈಗೆ ಕೊಟ್ಟರು. “ಕಟ್ಟೋದು ಹೇಳ್ಕೊಟ್ಟೆ, ಬಿಚ್ಚೋದು ಹೇಳ್ಕೊಡ್ಲಿಲ್ಲ. ಅದು ನನ್ನ ತಪ್ಪು. ಈಗ ಕಲಿ” ಎಂದರು. ದೀಪ ಹಚ್ಚುವ ಹೊತ್ತಿನವರೆಗೂ ನಾನು ಕಟ್ಟುತ್ತ, ಬಿಚ್ಚುತ್ತ ಕೂತೆ. ಹುರಿ ನನ್ನ ಕಣ್ಣೀರಿನಿಂದ ಒದ್ದೆಯಾಯಿತು.

ಆಮೇಲೆ ಮನೆಯಲ್ಲಿ ಯಾರೂ ಆ ಬೆರಳನ್ನು ಬೈಯಲಿಲ್ಲ. ತಂಗಿ ಬಾಯಿಗೆ ಬೆರಳಿಟ್ಟರೆ ಅಜ್ಜಿ ಆ ಕೈಗೆ ಏನಾದರೂ ಕೊಡುತ್ತಿದ್ದಳು. ಚಪಾತಿ ಹಿಟ್ಟಿನ ಉಂಡೆ, ಮರದ ಸೌಟು, ಬಟಾಣಿ ಸಿಪ್ಪೆ. ಪೂಜೆಗೆ ಕೂತಾಗ ಮಡಿಲಲ್ಲಿ ಕೂರಿಸಿಕೊಂಡು ಅವಳ ಎಡ ಅಂಗೈಗೆ ಒಂದು ಮಲ್ಲಿಗೆ ಹೂ ಇಡುತ್ತಿದ್ದಳು. ಅಜ್ಜಿಯ ಕೈಯಲ್ಲಿ ಲಿಂಗ, ಮೊಮ್ಮಗಳ ಕೈಯಲ್ಲಿ ಹೂ. ಒಮ್ಮೊಮ್ಮೆ ತಂಗಿ ಹೂವನ್ನೇ ತಿಂದುಬಿಡುತ್ತಿದ್ದಳು, ಅದು ಬೇರೆ ಮಾತು. ಮೂರು ವರ್ಷ ತುಂಬುವ ಹೊತ್ತಿಗೆ ನಿದ್ದೆ ಬಂದಾಗ ಮಾತ್ರ ಚೀಪುತ್ತಿದ್ದಳು. ಯಾವತ್ತು ಪೂರ್ತಿ ಬಿಟ್ಟಳೆಂದು ಯಾರೂ ಗಮನಿಸಲೇ ಇಲ್ಲ.

ಬೆರಳಿನ ಬುಡದಲ್ಲಿ ಸಣ್ಣ ಬಳೆಯಂಥ ಗೆರೆ ಉಳಿಯಿತು. ದೊಡ್ಡವಳಾದ ಮೇಲೆ ತಂಗಿ ಅದೇನೆಂದು ಕೇಳಿದಾಗಲೆಲ್ಲ ಅಜ್ಜಿಯದು ಒಂದೇ ಉತ್ತರ, “ನಾನೇ ಕಟ್ಟಿದ್ದೆ ಕಣೇ.” ತಂಗಿ ಅವಳನ್ನು ಬೆರಳು ಕಟ್ಟಿದ ಅಜ್ಜಿ ಎಂದು ಎಲ್ಲರೆದುರಿಗೂ ಆಡಿಕೊಳ್ಳುತ್ತಿದ್ದಳು. ಅಜ್ಜಿ ನಗುತ್ತಿದ್ದಳು. ಸಾಯುವವರೆಗೂ ಅವಳು ಹೇಳಿದ ಸುಳ್ಳು ಅದೊಂದೇ, ನನಗೆ ಗೊತ್ತಿರುವ ಹಾಗೆ.

ಈಗ ಕುಮಾರ ಪಾರ್ಕಿನ ನಮ್ಮ ಮೂರನೇ ಮಹಡಿಯ ಮನೆಯಲ್ಲಿ ನಿಮ್ಮ ಎಂಟು ತಿಂಗಳ ತಮ್ಮ ಅದೇ ಚುಪ್ ಚುಪ್ ಸದ್ದು ಮಾಡುತ್ತಾನೆ. ನಿಮ್ಮಮ್ಮ ಫೋನಿನಲ್ಲೇ ಡಾಕ್ಟರನ್ನು ನೋಡಿ ಮಾತಾಡಿದಳು. ಅವರೂ ಸುಮ್ಮನೆ ಬಿಡಿ ಎಂದರು. ಆಗ ನಮ್ಮ ಮನೆಗೆ ಅದು ತಿಳಿಯಲು ಒಂದು ಬೆರಳೇ ಹೋಗುವ ಹಾಗಾಗಬೇಕಾಯಿತು. ನಿಮ್ಮ ಕಾಲವೇ ವಾಸಿ, ಅದರಲ್ಲಿ ನನಗೆ ಅನುಮಾನವಿಲ್ಲ. ನೀವಿಬ್ಬರೂ ಅವನ ಕೈಗೆ ಮೊಲದ ಚಿತ್ರದ ಗವಸು ತರಿಸಿದಿರಿ. ಅವನು ಗವಸನ್ನೇ ಚೀಪುತ್ತಿದ್ದಾನೆ. ಅದನ್ನು ಒದ್ದೆಯಾದ ಕೂಡಲೇ ಕಳಚಿ, ದಾರ ಇದ್ದರೆ ಕತ್ತರಿಸಿ ಬಿಸಾಡಿ. ಇದು ತಾತನ ಆಜ್ಞೆ.

ಆ ಗವಸು ನೋಡಿದ ದಿನವೇ ನಾನು ಎನ್.ಆರ್. ಕಾಲೋನಿಗೆ ಹೋಗಿ ತಂಗಿಗೆ ನಿಜ ಹೇಳಿದೆ. ಅರವತ್ತು ವರ್ಷ ಕಳೆದ ಮೇಲೆ. ನನ್ನನ್ನು ಬೈಯುತ್ತಾಳೆಂದು ಕಾದೆ. “ಅಜ್ಜೀನ ಎಷ್ಟು ಆಡ್ಕೊಂಡಿದೀನಲ್ಲೋ ಅಣ್ಣ” ಎಂದು ಅತ್ತುಬಿಟ್ಟಳು.

ನಿಮ್ಮ ಕಾಲದಲ್ಲಿ ಮಕ್ಕಳು ಬಿದ್ದರೂ, ಅತ್ತರೂ, ತಪ್ಪು ಮಾಡಿದರೂ ಯಾರದೋ ಫೋನಿನಲ್ಲಿ ಅದು ಉಳಿದುಬಿಡುತ್ತದೆ. ನನ್ನ ತಪ್ಪನ್ನು ಅಜ್ಜಿ ತನ್ನದು ಮಾಡಿಕೊಂಡು ತನ್ನ ಜೊತೆಗೇ ತೆಗೆದುಕೊಂಡು ಹೋದಳು. ಅಂಥವಳನ್ನು ನಾನು ಮತ್ತೆ ನೋಡಿಲ್ಲ. ಅದಕ್ಕೇ ಹೇಳುತ್ತೇನೆ, ಈ ಮನೆಯಲ್ಲಿ ನಿಮ್ಮ ಕೈಯಿಂದ ಏನಾದರೂ ಅಂಥದ್ದು ಆದರೆ ಒಬ್ಬರೇ ಕತ್ತರಿ ಹುಡುಕುತ್ತ ಕೂರಬೇಡಿ, ನೆಟ್ಟಗೆ ನನ್ನ ಹತ್ತಿರ ಬನ್ನಿ. ನನ್ನ ಹಲ್ಲು ಪೂರ್ತಿ ಕಟ್ಟಿಸಿದ್ದು, ಅದರಿಂದ ಯಾವ ಗಂಟೂ ಕಡಿಯುವುದಿಲ್ಲ. ಆದರೆ ನಿಮ್ಮಮ್ಮನ ಎದುರು ನಿಂತು ‘ನಾನೇ ಕಟ್ಟಿದ್ದು’ ಅನ್ನುವುದಕ್ಕೆ ಹಲ್ಲು ಬೇಕಾಗಿಲ್ಲ.